ತಲೆಯ ಮೇಲಿನ ಸೂರು

ಗ್ರೀಸಿನ ಅಥೆನ್ಸ್ ನಗರದಲ್ಲಿ ಅಕ್ರೊಪೊಲಿಸ್ ಎಂಬ ಗುಡ್ಡವಿದೆ. ಅದರ ಮೇಲಿನ ಎರೆಕ್ಥಿಯಾನ್ ಗುಡಿ ಕ್ರಿಸ್ತಪೂರ್ವ 5ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಅದರ ದಕ್ಷಿಣದ ಮೊಗಸಾಲೆಯಲ್ಲಿ, ಕಂಬಗಳಿರಬೇಕಾದ ಕಡೆ, ಆರು ಜನ ಹೆಂಗಸರು ನಿಂತಿದ್ದಾರೆ. ತಲೆಯ ಮೇಲೆ ಸಿಂಬಿಯಂಥದೊಂದು. ಅದರ ಮೇಲೆ ಅಮೃತಶಿಲೆಯ ಸೂರು.

ಚಿತ್ರ ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ: ಎಷ್ಟು ಹಗುರವಾಗಿ ಹೊತ್ತಿದ್ದಾರೆ, ಮುಖದಲ್ಲಿ ಒಂದು ಗೆರೆಯೂ ಇಲ್ಲ! ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆಮೇಲೆ, ಈ ಹೊಗಳಿಕೆಯನ್ನು ಎಲ್ಲೋ ಕೇಳಿದ್ದೇನಲ್ಲ ಎನ್ನಿಸತೊಡಗಿತು. ಮದುವೆ ಮನೆಯಲ್ಲಿ, ಹಬ್ಬದ ದಿನ. ‘ಆಕೆಯನ್ನು ನೋಡಿ, ಬೆಳಗಿನಿಂದ ಒಲೆಯ ಮುಂದೆ ನಿಂತರೂ ಮುಖ ಬಾಡಿಲ್ಲ.’ ಹಾಗೆನ್ನುವವರ ಕೈಯಲ್ಲಿ ಸಾಮಾನ್ಯವಾಗಿ ಕಾಫಿ ಲೋಟವಿರುತ್ತದೆ.

ಇಂಥ ಶಿಲ್ಪಗಳ ಬಗ್ಗೆ ಒಂದು ಕಥೆಯಿದೆ. ಹೇಳಿದವನು ಕ್ರಿಸ್ತಪೂರ್ವ 1ನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್. ಕಾರಿಯೆ ಎಂಬ ಊರು ಗ್ರೀಕರನ್ನು ಬಿಟ್ಟು ಪರ್ಷಿಯನ್ನರ ಪಕ್ಷ ಸೇರಿತಂತೆ. ಗೆದ್ದ ಗ್ರೀಕರು ಗಂಡಸರನ್ನು ಕೊಂದು, ಹೆಂಗಸರನ್ನು ದಾಸಿಯರಾಗಿ ಒಯ್ದರು. ಗೃಹಿಣಿಯರ ಉಡುಗೆ ತೊಡುಗೆಗಳನ್ನು ಮಾತ್ರ ಕಳಚಲು ಬಿಡಲಿಲ್ಲ. ಅವಮಾನ ದಿನವೂ ಕಾಣುತ್ತಿರಬೇಕಲ್ಲ! ಆ ಶಿಕ್ಷೆಯನ್ನು ಮುಂದಿನವರೂ ನೆನೆಯಲೆಂದು ಶಿಲ್ಪಿಗಳು ಅವರನ್ನೇ ಕಲ್ಲಿನಲ್ಲಿ ಭಾರ ಹೊರಿಸಿ ನಿಲ್ಲಿಸಿದರು.

ವಿದ್ವಾಂಸರು ಇದನ್ನು ಅಷ್ಟಾಗಿ ಒಪ್ಪುವುದಿಲ್ಲ. ಪರ್ಷಿಯನ್ನರ ದೊಡ್ಡ ದಂಡಯಾತ್ರೆ ನಡೆದದ್ದು ಕ್ರಿ.ಪೂ. 480ರಲ್ಲಿ. ಡೆಲ್ಫಿಯಲ್ಲಿ ಸಿಫ್ನೋಸ್ ದ್ವೀಪದವರು ಕಟ್ಟಿಸಿದ ಭಂಡಾರದಲ್ಲಿ ಸುಮಾರು 525ರಲ್ಲೇ ಹೆಣ್ಣುರೂಪದ ಕಂಬಗಳಿದ್ದವು. ಎರೆಕ್ಥಿಯಾನ್ ಕಟ್ಟಿದ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿದವರೂ ಇವರನ್ನು ಬರೀ ‘ಹುಡುಗಿಯರು’ ಎಂದು ಕರೆದಿದ್ದಾರೆ. ಟಿವೊಲಿಯಲ್ಲಿ ಸಿಕ್ಕ ರೋಮನ್ ಕಾಲದ ಪ್ರತಿಗಳಲ್ಲಿ ಅವರ ಕೈಯಲ್ಲಿ ತರ್ಪಣದ ಬಟ್ಟಲಿದೆ. ಹಾಗಾದರೆ ಇವರು ದಾಸಿಯರಲ್ಲ, ಪೂಜೆಗೆ ಬಂದವರು.

ಶಿಕ್ಷೆಯೋ, ಗೌರವವೋ? ಎರಡಕ್ಕೂ ಅದೇ ಕಲ್ಲು, ಅದೇ ನಿಲುವು. ಚರಿತ್ರೆಯಾಗಿ ವಿಟ್ರೂವಿಯಸ್ಸನ ಕಥೆ ನಿಲ್ಲದಿರಬಹುದು. ಆದರೂ ನನಗೇಕೋ ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಹೆಂಗಸರ ತಲೆಯ ಮೇಲೆ ಸೂರು ಹೇಗೆ ಬಂತು ಎಂಬ ಪ್ರಶ್ನೆಯನ್ನಾದರೂ ಅವನು ಎತ್ತಿಕೊಂಡ. ಹಗುರವಾಗಿ ಹೊತ್ತಿದ್ದಾರೆ ಎಂದು ಮೆಚ್ಚುವ ನಾವು ಅಷ್ಟನ್ನೂ ಕೇಳುವುದಿಲ್ಲ.

ಕಟ್ಟಿದವನಿಗಂತೂ ಭಾರ ಎಷ್ಟೆಂದು ಚೆನ್ನಾಗಿ ಗೊತ್ತಿತ್ತು. ಭಾರ ಹೊರುವ ಕಾಲಿನ ಮೇಲೆ ಸೀರೆಯ ನೆರಿಗೆಯಂತೆ ಬಟ್ಟೆ ನೆಟ್ಟಗೆ ಇಳಿಬಿದ್ದಿದೆ, ಕಂಬದ ಗೀರುಗಳಂತೆ. ಇನ್ನೊಂದು ಮೊಣಕಾಲು ಮಾತ್ರ ಸ್ವಲ್ಪ ಬಾಗಿದೆ. ಎಲ್ಲಕ್ಕಿಂತ ಅಪಾಯದ ಜಾಗ ಕುತ್ತಿಗೆ. ಸಣ್ಣಗಿದ್ದರೆ ಮುರಿಯುತ್ತದೆ, ದಪ್ಪ ಮಾಡಿದರೆ ಚೆಲುವು ಕೆಡುತ್ತದೆ. ಅದಕ್ಕೇ ಹಿಂದೆ ದಪ್ಪ ಜಡೆ ಇಳಿಬಿಟ್ಟು ಕುತ್ತಿಗೆಗೆ ಬಲ ಕೊಟ್ಟ. ಎದುರಿಗೆ ನಿಂತವರಿಗೆ ಅದು ಕಾಣುವುದೇ ಇಲ್ಲ.

ನಗರದ ಹೊಗೆಗೆ ಕಲ್ಲು ಸವೆಯತೊಡಗಿದ್ದರಿಂದ 1979ರಲ್ಲಿ ಅವರನ್ನು ಇಳಿಸಿದರು. ಗುಡಿಯಲ್ಲಿ ಈಗಿರುವುದು ಪ್ರತಿಗಳು. ಒಬ್ಬಳನ್ನು 19ನೆಯ ಶತಮಾನದ ಆರಂಭದಲ್ಲೇ ಲಾರ್ಡ್ ಎಲ್ಜಿನ್ ಸಾಗಿಸಿದ್ದ. ಅವಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದಾಳೆ. ಉಳಿದ ಐವರು 2009ರಲ್ಲಿ ತೆರೆದ ಅಕ್ರೊಪೊಲಿಸ್ ಮ್ಯೂಸಿಯಮ್ಮಿನಲ್ಲಿ, ಅವಳ ಜಾಗವನ್ನು ಖಾಲಿ ಬಿಟ್ಟುಕೊಂಡು ನಿಂತಿದ್ದಾರೆ. ತಲೆಯ ಮೇಲೆ ಈಗ ಸೂರಿಲ್ಲ. ಸುತ್ತ ಹೋಗಿ ಬೆನ್ನ ಕಡೆಯಿಂದ ಜಡೆಗಳನ್ನೂ ನೋಡಬಹುದು.