ಮಗುವಿನ ನೋವು, ಮನೆಯ ಹೊಣೆ

ಮಗುವಿನ ಮನಸ್ಸು ಕದಡಿದಾಗ ಅದರ ಹೊಣೆ ಯಾರದೆಂಬ ಪ್ರಶ್ನೆಯು ನಮ್ಮ ಮನೆಗಳಲ್ಲಿ ಬಹುಬೇಗ ತಪ್ಪು ಯಾರದೆಂಬ ಪ್ರಶ್ನೆಯಾಗಿ ಮಾರ್ಪಡುತ್ತದೆ. ಇವೆರಡೂ ಒಂದೇ ಅಲ್ಲ. ಶಾಲೆಗೆ ಹೋಗಲು ಹೆದರುವ, ಇದ್ದಕ್ಕಿದ್ದಂತೆ ಮಾತು ಬಿಟ್ಟ, ರಾತ್ರಿ ಬೆಚ್ಚಿ ಏಳುವ ಬಾಲಕನನ್ನು ಕಂಡು ತಾಯಿಯ ಮುದ್ದೇ ಕಾರಣವೆಂದು ತಂದೆಯೂ, ತಂದೆಯ ಸಿಡುಕೇ ಕಾರಣವೆಂದು ತಾಯಿಯೂ, ಸೊಸೆಯ ತವರಿನ ರಕ್ತವೇ ಹಾಗೆಂದು ಅತ್ತೆಯೂ ಹೇಳುವರು. ತೀರ್ಪು ಕೊಡಲು ಎಲ್ಲರೂ ಸಿದ್ಧರು. ಮಗುವಿನ ಬಳಿ ಕುಳಿತುಕೊಳ್ಳಲು ಯಾರಿಗೂ ಬಿಡುವಿಲ್ಲ.

ಬೇಲೂರಿನವರಿಗೆ ಜಕಣಾಚಾರಿಯ ಐತಿಹ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗನು ಹುಟ್ಟುವ ಮೊದಲೇ ಮನೆ ಬಿಟ್ಟು ಬಂದ ಶಿಲ್ಪಿ ಅವನು. ತಂದೆಯನ್ನು ಅರಸುತ್ತ ಬಂದ ಡಂಕಣನು, ಎದುರಿಗಿರುವವನೇ ತಂದೆಯೆಂದು ಅರಿಯದೆ, ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದನು. ಮೂರ್ತಿಗೆಲ್ಲ ಗಂಧ ಬಳಿದರು. ಎಲ್ಲೆಡೆಯೂ ಒಣಗಿತು, ನಾಭಿಯ ಸುತ್ತ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿ ತಾಕಿಸಲು ನೀರೂ ಕಪ್ಪೆಯೂ ಹೊರಬಿದ್ದುವು. ಆಡಿದ ಮಾತಿನಂತೆ ಜಕಣಾಚಾರಿಯು ತನ್ನ ಬಲಗೈಯನ್ನು ಕತ್ತರಿಸಿಕೊಂಡನು. ಕಪ್ಪೆಚೆನ್ನಿಗರಾಯನ ಗುಡಿಯನ್ನು ಶಾಂತಲಾದೇವಿಯು ಕಟ್ಟಿಸಿದಳೆಂಬುದಿಷ್ಟೇ ಇತಿಹಾಸ, ಉಳಿದುದು ಕಥೆ. ಕಥೆಯನ್ನು ಕೇಳಿದವರೆಲ್ಲರೂ ಮೆಚ್ಚುವುದು ತಂದೆಯ ಸತ್ಯಸಂಧತೆಯನ್ನು. ನನಗಾದರೋ ಆ ಕೈ ಹೋದುದರಿಂದ ಯಾರಿಗೆ ಏನು ಲಾಭವಾಯಿತೆಂದು ತಿಳಿಯದು. ಕಲ್ಲಿನೊಳಗೆ ಕಪ್ಪೆಯನ್ನು ಇಟ್ಟವನು ಅವನಲ್ಲ. ದೋಷವು ತೋರಿಬಂದರೆ ಯಾರದಾದರೂ ಕೈ ಹೋಗಲೇಬೇಕೆಂಬ ಈ ಭಯವೇ ಇಂದಿಗೂ ಎಷ್ಟೋ ಮನೆಗಳಲ್ಲಿ ಗಂಧ ಬಳಿದು ನೋಡಲು ಬಿಡದು.

ಕೆಲವು ಮಕ್ಕಳ ತೊಂದರೆ ಹುಟ್ಟಿನಿಂದಲೇ ಬಂದುದು. ಅದರಲ್ಲಿ ಯಾರ ನಡತೆಯ ದೋಷವೂ ಇಲ್ಲ. ಮತ್ತೆ ಕೆಲವಕ್ಕೆ ಮನೆಯ ಕಲಹವೋ ಪೆಟ್ಟೋ ಕಾರಣವಾಗಿರಬಹುದು. ತಪ್ಪು ಇರಲಿ ಇಲ್ಲದಿರಲಿ, ಹೊಣೆಯು ಮಾತ್ರ ಎರಡು ಕಡೆಯೂ ಮನೆಯದೇ.

1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಶಿಕ್ಷಣವಿತ್ತು, ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ತರಬಹುದೆಂದು ತೋರಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2014ರ ಮನೋಚೈತನ್ಯ ಯೋಜನೆಯು ಮಂಗಳವಾರಗಳಂದು ತಜ್ಞರನ್ನು ತಾಲ್ಲೂಕು ಆಸ್ಪತ್ರೆಗಳಿಗೇ ಕಳುಹಿಸಲು ಹೊರಟಿತು. ಆದರೆ ಸಮೀಪವೇ ಒಂದು ಸಂಕಟ. ಬೆಂಗಳೂರಿನಲ್ಲಿ ನಮ್ಮನ್ನು ಕಾಣುವವರಿಲ್ಲ. ಬೇಲೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತರೆ ಸಂಜೆಯೊಳಗೆ ಪೇಟೆಗೆಲ್ಲ ತಿಳಿಯುವುದು. ಹೆಣ್ಣುಮಗುವಾದರಂತೂ ಮುಂದಿನ ಮದುವೆಯ ಚಿಂತೆ. ಈ ಅಂಜಿಕೆಯನ್ನು ನಕ್ಕು ತಳ್ಳಲಾಗದು. ಆದರೂ ಮಾನವು ಮನೆಯದು, ನೋವು ಮಗುವಿನದು. ಒಬ್ಬರ ಸೊತ್ತನ್ನು ಕಾಯಲು ಇನ್ನೊಬ್ಬರಿಂದ ಬೆಲೆ ತೆರಿಸುವುದು ಯಾವ ನ್ಯಾಯ? ಮೇಲಾಗಿ, ದೊಡ್ಡವರಂತೆ ಮಗುವು ತಾನಾಗಿ ವೈದ್ಯರ ಬಳಿಗೆ ಹೋಗಲಾರದು. ನಾವು ಕದ ಮುಚ್ಚಿದರೆ ಅದಕ್ಕೆ ಬೇರೆ ಕದವಿಲ್ಲ.

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು ಆವರಣದಲ್ಲಿಯೇ ಡೇರೆಗಳನ್ನು ಹಾಕಿಸಿ, ರೋಗಿಗಳ ಬಂಧುಗಳನ್ನು ಜೊತೆಯಲ್ಲಿ ಇರಿಸಿಕೊಂಡರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, 18 ವರ್ಷ ತುಂಬದವರನ್ನು ಒಳರೋಗಿಯಾಗಿ ಸೇರಿಸಿದಲ್ಲಿ, ಪೋಷಕರಾಗಲಿ ಅವರು ನೇಮಿಸಿದವರಾಗಲಿ ಅಲ್ಲಿರುವಷ್ಟು ದಿನವೂ ಜೊತೆಗಿರಬೇಕೆಂದು ವಿಧಿಸಿದೆ. ಇದು ಕೇವಲ ಕಾವಲಿಗಾಗಿ ಅಲ್ಲವೆಂದು ನನ್ನ ಭಾವನೆ.

ಆದರೆ ಸಾಮಾನ್ಯವಾಗಿ ಬರುವವಳು ತಾಯಿಯೊಬ್ಬಳೇ. ಕಾಫಿತೋಟದ ಆಳಿಗೆ ಒಂದು ದಿನ ತಪ್ಪಿದರೆ ಆ ದಿನದ ಕೂಲಿ ಹೋಯಿತು, ಅವನನ್ನು ದೂರುವಂತಿಲ್ಲ. ಇಂತಹ ಪತ್ರಿಕೆಯನ್ನು ತರಿಸಿ ಓದುವ ಮನೆಗಳ ಯಜಮಾನರಿಗೆ ಆ ನೆಪವಿಲ್ಲ. ಮಗುವನ್ನು ಹೊಡೆಯುವವರಾರು, ರಾತ್ರಿಯ ಜಗಳ ಯಾವ ವಿಷಯಕ್ಕೆ ಎಂದು ವೈದ್ಯರು ಕೇಳಿದಾಗ ಉತ್ತರಿಸಬೇಕಾದವರು ಅಲ್ಲಿರುವುದೇ ಇಲ್ಲ. ಗಂಡನ ವಿಷಯ ಬಾಯಿಬಿಡಲು ಅಂಜಿದ ತಾಯಿಯು ಮಗುವಿಗೆ ನಿದ್ರೆ ಸಾಲದೆಂದಷ್ಟೇ ಹೇಳಿ, ಮಾತ್ರೆಯ ಚೀಟಿ ಬರೆಸಿಕೊಂಡು ಬಸ್ಸು ಹತ್ತುತ್ತಾಳೆ.