ಶಕ್ತಿಗೆ ಕೊಟ್ಟ ಬೆಲೆಯೋ, ಅಭಾವಕ್ಕೋ?

ಬೆಂಕಿ ಸುಡುತ್ತದೆ, ಆದರೆ ಪಕ್ಕದಲ್ಲಿ ಒಂದು ಬಗೆಯ ಮಣಿಯನ್ನಿಟ್ಟರೆ ಸುಡುವುದಿಲ್ಲ ಎಂಬುದು ನಮ್ಮ ದಾರ್ಶನಿಕರ ಹಳೆಯ ಉದಾಹರಣೆ. ಅಂಥ ಮಣಿ ಎಲ್ಲಿ ಸಿಗುತ್ತಿತ್ತೋ, ಆ ಮಾತು ಬೇರೆ. ಮಣಿಯಿಂದ ಕುಂದಿದ್ದು ಬೆಂಕಿಯೊಳಗಿನ ಶಕ್ತಿ, ಆದ್ದರಿಂದ ಶಕ್ತಿಯೆಂಬ ಬೇರೊಂದು ಪದಾರ್ಥವನ್ನು, ಅಂದರೆ ಇರುವುದರ ಮೂಲವರ್ಗವನ್ನು, ಒಪ್ಪಲೇಬೇಕು ಎಂದರು ಮೀಮಾಂಸಕರು. ನ್ಯಾಯದರ್ಶನದ ನೈಯಾಯಿಕರು ಒಪ್ಪಲಿಲ್ಲ. ಬೆಂಕಿ ಇದ್ದ ಹಾಗೇ ಇದೆ, ಮಣಿ ಬರೀ ಪ್ರತಿಬಂಧಕ. ಸುಡುವುದಕ್ಕೆ ಪ್ರತಿಬಂಧಕದ ಅಭಾವವೂ ಒಂದು ಕಾರಣ ಎಂದರೆ ಸಾಕು ಎಂಬುದು ಅವರ ವಾದ. ಅಗ್ಗದ ಕ್ಯಾಮೆರಾಕ್ಕಿಂತ ದುಬಾರಿಯದು ಯಾವ ಅರ್ಥದಲ್ಲಿ ಮೇಲು ಎಂದು ಕೇಳುವಾಗಲೂ ಇದೇ ಜಗಳ ತಲೆಯೆತ್ತುತ್ತದೆ. ಇಲ್ಲಿ ನನ್ನ ಮತ ನೈಯಾಯಿಕರಿಗೆ.

2019ರ ಆಗಸ್ಟ್‌ನಲ್ಲಿ ಸೋನಿ ಕಂಪನಿ ಎರಡು ಪುಟ್ಟ ಮಿರರ್‌ಲೆಸ್ ಕ್ಯಾಮೆರಾಗಳನ್ನು ಒಟ್ಟಿಗೇ ಪ್ರಕಟಿಸಿತು. ಲೆನ್ಸ್ ಬಿಟ್ಟು ಬಾಡಿಯೊಂದಕ್ಕೇ ಆಗ ಅಮೆರಿಕದಲ್ಲಿ ಎ6100ರ ಬೆಲೆ ಸುಮಾರು 750 ಡಾಲರ್, ಎ6600ರದು 1,400 ಇತ್ತು. ಎರಡರಲ್ಲೂ 24.2 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರ್, ಕಣ್ಣನ್ನು ಹುಡುಕಿ ಹಿಡಿಯುವ ಅದೇ ಫೋಕಸ್, ಸೆಕೆಂಡಿಗೆ 11 ಚಿತ್ರಗಳ ವೇಗ. ಚಿತ್ರ ಹುಟ್ಟುವ ಜಾಗದಲ್ಲಿ ಭೇದವಿಲ್ಲ. ಹಾಗಾದರೆ ಉಳಿದ 650 ಡಾಲರ್ ಯಾತಕ್ಕೆ? ಕೈ ನಡುಗಿದರೆ ಎ6600ರ ಸೆನ್ಸರೇ ಅಲುಗಿ ಸರಿದೂಗಿಸುತ್ತದೆ. ಒಂದು ಚಾರ್ಜಿಗೆ ಸುಮಾರು 420ರ ಬದಲು 810 ಚಿತ್ರ ತೆಗೆಯಬಹುದು. ಧೂಳು, ತೇವ ಒಳಸೇರದಂತೆ ಹೆಚ್ಚಿನ ರಕ್ಷಣೆಯಿದೆ. ನಡುಕ, ಬರಿದಾದ ಬ್ಯಾಟರಿ, ಮಳೆಹನಿ ಎಲ್ಲವೂ ಪ್ರತಿಬಂಧಕಗಳೇ. (ಅಗ್ಗದ್ದರಲ್ಲಿ ಫ್ಲಾಶ್ ಇದೆ, ದುಬಾರಿಯದರಲ್ಲಿ ಇಲ್ಲ ಎಂಬುದು ತಮಾಷೆ.)

ಆಕ್ಷೇಪ ಬರುತ್ತದೆ: ಮಬ್ಬುಗತ್ತಲ ಗರ್ಭಗುಡಿಯೆದುರು ಕೈಯಲ್ಲೇ ಹಿಡಿದು ತೆಗೆದ ಸ್ಫುಟ ಚಿತ್ರ ಎ6100ಕ್ಕೆ ಆಗದಿದ್ದರೆ, ಅದು ಹೊಸ ಶಕ್ತಿಯಲ್ಲವೇ? ಅಲ್ಲ. ಎ6100 ಅನ್ನು ಕಟ್ಟೆಯ ಮೇಲಿಟ್ಟು ತೆಗೆದರೆ ಅದೇ ಚಿತ್ರ ಬರುತ್ತದೆ. ಮೇಲಾಗಿ, ನಿಧಾನದ ಶಟರ್‌ನಲ್ಲಿ ಆರತಿ ಎತ್ತುವ ಅರ್ಚಕರ ಕೈ ಎರಡರಲ್ಲೂ ಒಂದೇ ಸಮ ಮಸುಕಾಗುತ್ತದೆ. ಆ ಚಲನೆಗೆ ಸೆನ್ಸರಿನ ಅಲುಗಾಟ ಏನೂ ಮಾಡಲಾರದು. ವ್ಯೂಫೈಂಡರಿನ ವಿಷಯದಲ್ಲಿ ಮಾತ್ರ ನಾನು ಅರ್ಧ ಸೋಲುತ್ತೇನೆ. 14.4 ಲಕ್ಷ ಚುಕ್ಕಿಗಳ ಬದಲು 23.6 ಲಕ್ಷ ಚುಕ್ಕಿಗಳಲ್ಲಿ ನೋಡುವವನಿಗೆ ದೃಶ್ಯದ ಅರಿವೇ ಹೆಚ್ಚುತ್ತದೆ, ಅದು ಬರೀ ಅಡ್ಡಿ ತೆಗೆಯುವ ಕೆಲಸವಲ್ಲ. ಇನ್ನು ಫುಲ್ ಫ್ರೇಮ್ ಕ್ಯಾಮೆರಾ ತಂದು ಮುಂದಿಟ್ಟರೆ ಅದು ವಾದವನ್ನು ಮುರಿಯುವುದಿಲ್ಲ: ಎರಡು ಪಟ್ಟಿಗೂ ಹೆಚ್ಚು ವಿಸ್ತಾರದ ಸೆನ್ಸರ್ ಎಂದರೆ ಬೆಂಕಿಯೇ ಬೇರೆ.

ಇಷ್ಟೆಲ್ಲ ಹೇಳಿದ ಮೇಲೆ, ಇಲ್ಲದಿರುವುದಕ್ಕೆ ದುಡ್ಡು ಸುರಿಯುವುದು ದಡ್ಡತನ ಎನ್ನುವವರಿದ್ದಾರೆ. ಆದರೆ ನ್ಯಾಯ-ವೈಶೇಷಿಕರು ಅಭಾವವನ್ನೇ ಏಳನೆಯ ಪದಾರ್ಥವೆಂದು ಎಣಿಸಿದರು. ಅದು ಸೊನ್ನೆಯಲ್ಲ, ಆದರೆ ಯಾವುದರ ಅಭಾವ ಎಂದು ಹೇಳದೆ ಅದಕ್ಕೆ ಅರ್ಥವಿಲ್ಲ. ಮಾಂಗಲ್ಯಧಾರಣೆಯನ್ನು ಇನ್ನೊಮ್ಮೆ ಮಾಡಿ ಎಂದು ಕೇಳಲಾಗದ ಮದುವೆ ಫೋಟೋಗ್ರಾಫರ್‌ಗೆ ಬ್ಯಾಟರಿ ಮುಗಿಯದಿರುವುದು ನಿಜವಾದ ಕಾರಣ, ಆ ದುಡ್ಡು ಸಾರ್ಥಕ. ಬಿಸಿಲಿನಲ್ಲಿ ಟ್ರೈಪಾಡ್ ಊರಿ ಗೋಪುರದ ಚಿತ್ರ ತೆಗೆಯುವವನ ಬಳಿ ಆ ಮಣಿಯೇ ಇರಲಿಲ್ಲ.