ಕೆರೆಯ ಪಾಪಕ್ಕೆ ಪಾಲುಗಾರರು ಯಾರು?

ಕೆರೆ ಕಟ್ಟಿಸುವುದು ಪುಣ್ಯ, ಕೆಡಿಸುವುದು ಪಾಪ ಎಂಬುದು ನಮ್ಮ ನಾಡಿನಲ್ಲಿ ಒಂದು ಕಾಲಕ್ಕೆ ಚರ್ಚೆಗೆ ಅವಕಾಶವಿಲ್ಲದ ಮಾತಾಗಿತ್ತು. ಕೆರೆಗೂ ದೇಗುಲಕ್ಕೂ ಬಿಟ್ಟ ದತ್ತಿಯನ್ನು ಹೇಳುವ ಎಷ್ಟೋ ಶಾಸನಗಳು, ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂದು ಶಪಿಸಿ ಮುಗಿಯುತ್ತವೆ. ತರಗತಿಯಲ್ಲಿ ಈ ಭಾಗ ಬಂದಾಗ ಹುಡುಗರು ನಗುವುದುಂಟು. ಕೆರೆ ಕೆಡಿಸಿದ್ದಕ್ಕೂ ಹಸು ಸಾಯುವುದಕ್ಕೂ ಎತ್ತಣ ಸಂಬಂಧವೆಂಬುದು ಅವರ ನಗೆಯ ಅರ್ಥ. ಶಾಸನ ಬರೆಸಿದವರಿಗೆ ಅದು ಪಾಪದ ದೊಡ್ಡತನವನ್ನು ತೋರುವ ಅಳತೆಗೋಲು ಮಾತ್ರವಾಗಿತ್ತು, ಒಪ್ಪತಕ್ಕ ಮಾತೇ. ಇಂದು ಮಾತ್ರ ಆ ಸಂಬಂಧ ಅಕ್ಷರಶಃ ನಿಜವಾಗಿ ಕುಳಿತಿದೆ.

ದಕ್ಷಿಣ ಆಸ್ಟ್ರೇಲಿಯದಲ್ಲಿ ಅಲೆಕ್ಸಾಂಡ್ರಿನಾ ಎಂಬುದೊಂದು ಸರೋವರವಿದೆ. ಅದರ ದಂಡೆಯಲ್ಲಿ ನೀರು ಕುಡಿದ ಕುರಿ, ಕುದುರೆ, ಹಂದಿ, ನಾಯಿಗಳು ಗಂಟೆಗಳ ಲೆಕ್ಕದಲ್ಲಿ ಸತ್ತುವೆಂದು ಜಾರ್ಜ್ ಫ್ರಾನ್ಸಿಸ್ ಎಂಬವರು 1878ರಲ್ಲಿ 'ನೇಚರ್' ಪತ್ರಿಕೆಗೆ ಬರೆದರು. ನೀರಿನ ಮೇಲೆ ಹಸಿರು ಬಣ್ಣ ಕಲಸಿ ಸುರಿದಂತೆ ದಪ್ಪನೆಯ ಕೆನೆ ಕಟ್ಟಿತ್ತು. ಗಾಳಿ ಆ ಕೆನೆಯನ್ನು ದಡಕ್ಕೆ ತಂದು ಗುಡ್ಡೆ ಹಾಕುತ್ತದೆ. ದನಕರುಗಳು ಬಾಯಿಡುವುದೂ ದಡದಲ್ಲಿಯೇ.

ನಾವು ಇದನ್ನು ಪಾಚಿ ಎನ್ನುತ್ತೇವೆ. ವಿಜ್ಞಾನಿಗಳು 'ನೀಲಿ-ಹಸಿರು ಪಾಚಿ' ಎಂದೇ ಕರೆಯುತ್ತ ಬಂದರೂ ಇದು ಪಾಚಿಯಲ್ಲ, ಸೂರ್ಯನ ಬೆಳಕಿನಿಂದ ಅನ್ನ ಮಾಡಿಕೊಳ್ಳುವ ಒಂದು ಬಗೆಯ ಬ್ಯಾಕ್ಟೀರಿಯ. ಇದನ್ನು ಶತ್ರುವೆಂದು ಬಯ್ಯುವುದಕ್ಕೆ ನಮಗೆ ಬಾಯಿಲ್ಲ. ಸುಮಾರು 240 ಕೋಟಿ ವರ್ಷಗಳ ಹಿಂದೆ ಈ ಭೂಮಿಯ ಗಾಳಿಗೆ ಆಮ್ಲಜನಕವನ್ನು ತುಂಬತೊಡಗಿದ್ದು ಇದರ ಕುಲವೇ. ಬಯ್ಯಲು ಎಳೆದುಕೊಳ್ಳುವ ಉಸಿರೂ ಅದರ ಋಣ. ಬೆಚ್ಚನೆಯ ನಿಂತ ನೀರು, ಬಿಸಿಲು, ಜೊತೆಗೆ ರಂಜಕ ಸಾರಜನಕಗಳು ಯಥೇಚ್ಛವಾಗಿ ಸಿಕ್ಕರೆ ಇದು ಮಿತಿಮೀರಿ ಬೆಳೆಯುತ್ತದೆ. ಆ ರಂಜಕ ಬರುವುದು ನಮ್ಮ ಕಕ್ಕಸಿನಿಂದ, ಬಟ್ಟೆ ಒಗೆಯುವ ಪುಡಿಯಿಂದ, ಹೊಲದ ಗೊಬ್ಬರದಿಂದ. ಹಾಗೆ ಬೆಳೆದ ಕೆಲವು ಜಾತಿಗಳಲ್ಲಿ ಯಕೃತ್ತನ್ನು ಕೆಡಿಸುವ ವಿಷವೂ ಕೆಲವುಗಳಲ್ಲಿ ನರಗಳನ್ನು ಹಿಡಿಯುವ ವಿಷವೂ ಇರುತ್ತವೆ. ಈಜಿದ ಮಗುವಿಗೆ ಮೈ ತುರಿಕೆ, ವಾಂತಿ, ಭೇದಿ. ನಾಯಿಯ ಪಾಡು ಇನ್ನೂ ಕೆಟ್ಟದ್ದು. ಅದು ನೀರು ಕುಡಿಯುವುದಲ್ಲದೆ ಮೇಲೆ ಬಂದು ತನ್ನ ಮೈಯನ್ನೇ ನೆಕ್ಕಿಕೊಂಡು ಅಂಟಿದ ವಿಷವನ್ನೆಲ್ಲ ನುಂಗುತ್ತದೆ. ಯಾವ ಕೆನೆ ವಿಷ, ಯಾವುದು ಅಲ್ಲ ಎಂದು ಕಣ್ಣಿನಿಂದ ಹೇಳಲಾಗದು. ಕುದಿಸಿದರೂ ಈ ವಿಷ ಹೋಗದು.

1996ರಲ್ಲಿ ಬ್ರೆಜಿಲ್ ದೇಶದ ಕರುವಾರು ಎಂಬ ಊರಿನಲ್ಲಿ, ಮೂತ್ರಪಿಂಡದ ಕಾಯಿಲೆಯವರಿಗೆ ರಕ್ತ ಶುದ್ಧಿ ಮಾಡುತ್ತಿದ್ದ ಚಿಕಿತ್ಸಾಲಯಕ್ಕೆ ಇಂಥ ನೀರು ಬಂದು 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಬದುಕುವುದಕ್ಕೆಂದು ತೋಳು ಚಾಚಿ ಮಲಗಿದ್ದವರು ಅವರು.

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆ ವಿಜ್ಞಾನದ್ದಲ್ಲ. ನಮ್ಮ ಧರ್ಮವಿಚಾರವೆಲ್ಲ ಒಬ್ಬ ಕರ್ತೃವನ್ನು ಹುಡುಕಿಕೊಂಡು ಹೋಗುತ್ತದೆ. ಬಾವಿಗೆ ವಿಷ ಹಾಕಿದವನೊಬ್ಬನಿದ್ದರೆ ಅವನು ಪಾಪಿ. ಇಲ್ಲಿ ವಿಷ ಹಾಕಿದವರೇ ಇಲ್ಲ. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲಿಡೊ ನಗರದ ಕಡೆ 4 ಲಕ್ಷಕ್ಕೂ ಮಿಕ್ಕ ಜನರಿಗೆ, ನಲ್ಲಿಯ ನೀರನ್ನು ಕುದಿಸಿಯೂ ಕುಡಿಯಬೇಡಿರೆಂದು ಎರಡು ದಿನಕ್ಕೂ ಹೆಚ್ಚು ಕಾಲ ನಿಷೇಧವಾಯಿತು. ಅವರ ನೀರು ಬರುವ ಈರಿ ಸರೋವರ ಹಸಿರಾಗಿದ್ದುದೇ ಕಾರಣ. ಆ ಸರೋವರಕ್ಕೆ ರಂಜಕವನ್ನು ಹೆಚ್ಚಾಗಿ ಕಳಿಸಿದವರು ಮೌಮಿ ಎಂಬ ನದಿಯ ಬಯಲಿನ ರೈತರು. ಅವರಲ್ಲಿ ಯಾರನ್ನು ಕರೆದು ನೀನು ತಪ್ಪಿತಸ್ಥ ಎನ್ನೋಣ? ಅವನು ಹಾಕಿದ್ದು ತನ್ನ ಜೋಳಕ್ಕೆ ಗೊಬ್ಬರ.

ನಮ್ಮ ಕಾಲೇಜಿನ ತತ್ತ್ವಶಾಸ್ತ್ರದ ಉಪನ್ಯಾಸಕರು ವಾದದಲ್ಲಿ ಗಟ್ಟಿಗರು. ಅವರೆಂದರು: "ನಿಮ್ಮ ಮನೆಯ ಬಚ್ಚಲ ನೀರೊಂದು ಕೆರೆಗೆ ಹೋಗದಿದ್ದರೂ ಕೆರೆ ಹಸಿರಾಗಿಯೇ ಇರುತ್ತದೆ. ತಾನಿಲ್ಲದೆಯೂ ಆಗುವ ಕಾರ್ಯಕ್ಕೆ ಯಾವುದೂ ಕಾರಣವೆನಿಸದು. ಆದ್ದರಿಂದ ನಿಮಗೆ ಪಾಪವಿಲ್ಲ, ಸುಖವಾಗಿ ಸ್ನಾನ ಮಾಡಿ." ಮಾತು ಚೆನ್ನಾಗಿದೆ. ಆದರೆ ಇದೇ ತರ್ಕವನ್ನು ಊರಿನ ಪ್ರತಿ ಮನೆಗೂ ಹಚ್ಚಿದರೆ ಯಾವ ಮನೆಯೂ ಕಾರಣವಲ್ಲವೆಂದಾಗಿ, ಕೆರೆ ಕಾರಣವಿಲ್ಲದೆ ಹಸಿರಾಯಿತೆಂದು ಹೇಳಬೇಕಾಗುತ್ತದೆ. ಕೊಳಕ್ಕೆ ಎಲ್ಲರೂ ಒಂದೊಂದು ಕೊಡ ಹಾಲು ಸುರಿಯಬೇಕೆಂದು ರಾಜಾಜ್ಞೆಯಾದಾಗ, ಕತ್ತಲಲ್ಲಿ ಎಲ್ಲರೂ ನೀರನ್ನೇ ಸುರಿದ ಕತೆ ವಾಚಕರಿಗೆ ಗೊತ್ತಿದೆಯಷ್ಟೆ. ಅಲ್ಲಿ ಪ್ರತಿಯೊಬ್ಬನಿಗೂ ತನ್ನ ಮೋಸ ತಿಳಿದಿತ್ತು. ನಮಗೆ ತಿಳಿದಿರಲಿಲ್ಲವೆಂಬುದು ನಿನ್ನೆಯವರೆಗೆ ಸಲ್ಲುವ ಸಮಾಧಾನ. ಕೆನೆಯ ಹುಟ್ಟು ತಿಳಿದ ಮೇಲೆ ಆ ಸಮಾಧಾನಕ್ಕೆ ಎಡೆಯಿಲ್ಲ.

ಒಳ್ಳೆಯ ಉದ್ದೇಶವೂ ಇಲ್ಲಿ ಸಾಲದು. 1979ರಲ್ಲಿ ಆಸ್ಟ್ರೇಲಿಯದ ಪಾಮ್ ದ್ವೀಪದಲ್ಲಿ, ಕುಡಿಯುವ ನೀರಿನ ಅಣೆಕಟ್ಟಿನಲ್ಲಿ ಬೆಳೆದ ಕೆನೆಯನ್ನು ಕೊಲ್ಲಲು ಮೈಲುತುತ್ತ ಹಾಕಿದರು. ಸತ್ತ ಜೀವಕೋಶಗಳೊಳಗಿನ ವಿಷವೆಲ್ಲ ಒಮ್ಮೆಗೇ ನೀರಿಗಿಳಿಯಿತು. 140ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದರು.

ಬೆಂಗಳೂರಿನವರಾದ ನಮ್ಮ ಸ್ಥಿತಿ ಒಂದು ವಿಷಯದಲ್ಲಿ ಟೊಲಿಡೊ ಜನರದಕ್ಕಿಂತ ಬೇರೆ. ಅವರು ಆ ಕೆಟ್ಟ ಸರೋವರದ ನೀರನ್ನೇ ಕುಡಿಯಬೇಕಾಗಿತ್ತು. ನಮ್ಮಲ್ಲಿ ಬಹಳ ಮಂದಿಗೆ ಕಾವೇರಿ ಸುಮಾರು 100 ಕಿಲೋಮೀಟರು ದೂರದಿಂದ ಬರುತ್ತಾಳೆ. ನಾವು ಬಳಸಿ ಬಿಟ್ಟದ್ದು ಕೆರೆಗೆ ಹೋಗುತ್ತದೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದಾಗ, 2017ರಲ್ಲಿ ಅಲ್ಲಿ ಬೆಂಕಿ ಎದ್ದಾಗ, ಇಡೀ ದೇಶ ನೋಡಿತು. ಹಸಿರು ಕೆನೆ ಹಾಗೆ ಸದ್ದು ಮಾಡುವುದಿಲ್ಲ. ದೂರದಿಂದ ಹುಲ್ಲುಹಾಸಿನಂತೆ ಕಾಣುತ್ತದೆ. ಚೆಲುವಾಗಿದೆ ಎಂದವರನ್ನೂ ನಾನು ಕೇಳಿದ್ದೇನೆ. ಕೆರೆ ಕೆಡಿಸುವವರು ಬೇರೆ, ಅದರ ನೀರಿಗೆ ಬಾಯಿಡುವವರು ಬೇರೆ ಆದ ಊರಿನಲ್ಲಿ ಕೆರೆ ತಾನಾಗಿ ಸರಿಯಾಗುವ ಸಂಭವ ಕಡಿಮೆ.

ಹೋದ ಬೇಸಗೆಯಲ್ಲಿ ನಮ್ಮ ಬಡಾವಣೆಯ ಕೆರೆಯ ಬಳಿ ಒಂದು ಫಲಕ ನೆಟ್ಟರು: ನೀರನ್ನು ಮುಟ್ಟಬೇಡಿ ಎಂದು, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ. ಪಕ್ಕದ ಮನೆಯ ರಾಯರು ಅದನ್ನು ಓದಿ, ಬಾಯಾರಿ ನೀರಿಗೆ ನುಗ್ಗುತ್ತಿದ್ದ ತಮ್ಮ ನಾಯಿಯನ್ನು ಸರಪಳಿ ಹಿಡಿದು ಎಳೆದುಕೊಂಡರು. ಅದೇ ಹೊತ್ತಿಗೆ ಹತ್ತು ಮಾರು ಆಚೆ ಬೀದಿನಾಯಿಯೊಂದು ನೀರು ಕುಡಿಯುತ್ತಿತ್ತು. ಅದರಾಚೆ ಎರಡು ಹಸುಗಳು. ರಾಯರು "ಹಚಾ ಹಚಾ" ಎಂದು ಕೂಗಿದರು. ಅದು ತಲೆಯೆತ್ತಿ ನೋಡಿ ಮತ್ತೆ ಕುಡಿಯಿತು.

ಎಚ್ಚರಿಕೆ ಕೊಟ್ಟರೆ ಹೊಣೆ ತೀರಿತೆಂಬ ನಂಬಿಕೆ ನಮ್ಮ ಕಾಲದ್ದು. ಓದಬಲ್ಲವನಿಗೆ ಎಚ್ಚರಿಕೆ ಸರಿ. ಓದಲಾರದ ಕೂಸಿಗೆ, ದನಕ್ಕೆ, ಯಜಮಾನನಿಲ್ಲದ ನಾಯಿಗೆ ಫಲಕವೆಂದರೆ ನೆರಳು ಕೊಡುವ ಒಂದು ಹಲಗೆ. ಸರಪಳಿ ಹಿಡಿಯುವವರಿಲ್ಲದ ಜೀವಕ್ಕೆ ಊರೇ ಯಜಮಾನನಾಗಬೇಕಲ್ಲವೆ? ಸಾವಿರ ಕೈಗಳು ಸೇರಿ ಮಾಡಿದ ಕೇಡನ್ನು ಒಂದೊಂದೇ ಕೈಯ ಪಶ್ಚಾತ್ತಾಪ ತೊಳೆಯಲಾರದು. ಅಮೆರಿಕದ ಹಲವು ರಾಜ್ಯಗಳೂ ಯೂರೋಪಿನ ದೇಶಗಳೂ ಒಗೆಯುವ ಪುಡಿಯಲ್ಲಿ ಎಷ್ಟು ರಂಜಕವಿರಬಹುದೆಂದು ಕಾನೂನು ಮಾಡಿದುವು. ಯಾರು ಪಾಪಿ ಎಂದು ಕೇಳುತ್ತ ಕೂರದೆ ಮಾಡಿದ ಕೆಲಸವದು. ಇಲ್ಲಿಯೂ ಚರಂಡಿಯನ್ನು ಕೆರೆಯಿಂದ ತಿರುಗಿಸಿ, ಕೊಳಚೆಯನ್ನು ಶುದ್ಧಿಮಾಡಿಯೇ ಬಿಡುವುದು ವರ್ಷಗಳ ಕೆಲಸವೆನ್ನುತ್ತಾರೆ; ಇರಬಹುದು. ಅಲ್ಲಿಯವರೆಗೆ ಆ ಫಲಕದ ಪಕ್ಕದಲ್ಲಿ ಬೇಲಿಯೊಂದು, ಬೇಲಿಯ ಈಚೆ ಕಲ್ಲಿನ ತೊಟ್ಟಿಯೊಂದು, ಅದರಲ್ಲಿ ದಿನಕ್ಕೆರಡು ಸಲ ಒಳ್ಳೆಯ ನೀರು. ಇದಕ್ಕೆ ವರ್ಷ ಬೇಡ. ತೊಟ್ಟಿಯ ಖರ್ಚಿಗೆ ಬಡಾವಣೆಯ ಸಂಘದಲ್ಲಿ ಚಂದಾ ಎತ್ತುವ ಪ್ರಸ್ತಾವ ಬಂದಿದೆ. ರಾಯರು ಮೊದಲ ಹೆಸರು ಬರೆಸಿದ್ದಾರೆ. ತತ್ತ್ವಶಾಸ್ತ್ರದವರು, ತಮ್ಮ ವಾದವನ್ನು ಬಿಟ್ಟುಕೊಡದೆಯೇ, ಎರಡನೆಯದನ್ನು.